2^61 − 1 ಅವಿಭಾಜ್ಯ ಅಲ್ಲ ಅಂತ ಬರುತ್ತಿದೆ, ಎಲ್ಲಿ ತಪ್ಪು?

ಬೆಸಸಂಖ್ಯೆ:
ನಮಸ್ಕಾರ. ಸಿ ಭಾಷೆಯಲ್ಲಿ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ (ಪಿ ಬೆಸ ಅವಿಭಾಜ್ಯವಾದಾಗ 2^ಪಿ − 1 ಕೂಡ ಅವಿಭಾಜ್ಯವೇ ಅಂತ ನೋಡುವುದು) ಬರೆದಿದ್ದೇನೆ. 4ರಿಂದ ಶುರು, ಪ್ರತಿ ಸಲ ವರ್ಗ ಮಾಡಿ 2 ಕಳೆದು 2^ಪಿ − 1ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು; ಪಿ − 2 ಸುತ್ತಿನ ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಪಿ 7 ಆದರೆ 4, 14, 67, 42, 111, 0 ಅಂತ ಸರಿಯಾಗಿ ಸೊನ್ನೆಗೆ ಬರುತ್ತದೆ. 11ಕ್ಕೆ ಕೊನೆಗೆ 1736 ಉಳಿಯುತ್ತದೆ, ಅದೂ ಸರಿ, 2047 = 23 × 89. 31ರವರೆಗೂ ತೊಂದರೆ ಇಲ್ಲ. 61 ಹಾಕಿದರೆ ಮಾತ್ರ ಅವಿಭಾಜ್ಯ ಅಲ್ಲ ಅನ್ನುತ್ತದೆ. ಪರ್ವುಶಿನ್ 1883ರಲ್ಲೇ ಇದು ಅವಿಭಾಜ್ಯ ಅಂತ ತೋರಿಸಿದ್ದಾರೆ ಅಲ್ವಾ? ಪೈಥಾನ್‌ನಲ್ಲಿ ಆಧಾರ 2 ಇಟ್ಟು ಫರ್ಮಾ ಪರೀಕ್ಷೆ (2^(ಎನ್ − 1) ಅನ್ನು ಎನ್‌ನಿಂದ ಭಾಗಿಸಿ ಶೇಷ 1 ಬರುತ್ತದಾ ಅಂತ ನೋಡುವುದು) ಮಾಡಿದರೆ 61ಕ್ಕೆ ಹೌದು ಅನ್ನುತ್ತದೆ, ಆದರೆ 2^67 − 1 ಅವಿಭಾಜ್ಯ ಅಲ್ಲದಿದ್ದರೂ 67ಕ್ಕೂ ಹೌದು ಅನ್ನುತ್ತದೆ! ಯಾವುದನ್ನು ನಂಬಲಿ?

ಶೇಷಗಣಿತ:
ನಿಮ್ಮ ಲೆಕ್ಕದ ದಾರಿ ಸರಿಯಾಗಿಯೇ ಇದೆ, ಜಾಗ ಸಾಲುತ್ತಿಲ್ಲ ಅಷ್ಟೆ. ಲಾಂಗ್ ಲಾಂಗ್ (64 ಬಿಟ್‌ನ ಪೂರ್ಣಾಂಕ ಟೈಪ್) ಬಳಸಿದ್ದೀರಿ ಅನಿಸುತ್ತದೆ. ಪ್ರತಿ ಸುತ್ತಿನ ಬೆಲೆಯನ್ನೂ ಪ್ರಿಂಟ್ ಮಾಡಿ ನೋಡಿ: 14, 194, 37634, 1416317954, 2005956546822746114. ಇಲ್ಲಿವರೆಗೆ ಸರಿ ಇರುತ್ತದೆ. ಮುಂದಿನ ವರ್ಗ 37 ಅಂಕಿಯ ಸಂಖ್ಯೆ, 64 ಬಿಟ್‌ನಲ್ಲಿ ಹಿಡಿಯುವುದಿಲ್ಲ, ಮೇಲಿನ ಬಿಟ್‌ಗಳು ಹಾರಿಹೋಗುತ್ತವೆ, ಅಲ್ಲಿಂದಾಚೆ ಬರುವುದೆಲ್ಲ ಕಸ. 31ಕ್ಕೆ ವರ್ಗ 62 ಬಿಟ್ ದಾಟುವುದಿಲ್ಲ, ಅದಕ್ಕೇ ಅಲ್ಲಿವರೆಗೆ ಗೊತ್ತಾಗಲಿಲ್ಲ.

ಗುಣಾಕಾರವನ್ನು 128 ಬಿಟ್‌ನಲ್ಲಿ ಮಾಡಿ. ಗುಣಿಸುವ ಮೊದಲೇ ಟೈಪ್ ಬದಲಿಸಬೇಕು, ಆಮೇಲೆ ಬದಲಿಸಿದರೆ ಪ್ರಯೋಜನ ಇಲ್ಲ. ಇನ್ನು ಭಾಗಾಕಾರವೂ ಬೇಡ: 2^61ಕ್ಕೆ ಶೇಷ 1 ತಾನೇ, ಹಾಗಾಗಿ ಕೆಳಗಿನ 61 ಬಿಟ್ ಒಂದು ಕಡೆ, ಮೇಲಿನದ್ದು ಇನ್ನೊಂದು ಕಡೆ ತೆಗೆದು ಎರಡನ್ನೂ ಕೂಡಿಸಿ, ಜಾಸ್ತಿಯಾದರೆ ಒಂದು ಸಲ 2^61 − 1 ಕಳೆದರೆ ಸಾಕು. ನನಗೆ ಈ ಸಂಖ್ಯೆಗಳಲ್ಲಿ ತುಂಬಾ ಇಷ್ಟವಾಗುವ ಗುಣವೇ ಇದು. ಶೇಷ 0 ಅಥವಾ 1 ಇದ್ದಾಗ 2 ಕಳೆದರೆ ಋಣ ಆಗುತ್ತದೆ, ಅಲ್ಲಿ 2^61 − 1 ಸೇರಿಸಿಕೊಳ್ಳಿ.

ಫರ್ಮಾ ಪರೀಕ್ಷೆ ಆಧಾರ 2ರಲ್ಲಿ ಇಲ್ಲಿ ಏನೂ ಹೇಳುವುದಿಲ್ಲ. ಪಿ ಅವಿಭಾಜ್ಯವಾಗಿದ್ದರೆ 2^ಪಿ − 2 ಅನ್ನುವುದು ಪಿಯಿಂದ ಭಾಗವಾಗುತ್ತದೆ, 2^ಪಿಗೆ ಶೇಷ 1, ಹಾಗಾಗಿ ಉತ್ತರ ಯಾವಾಗಲೂ 1 ಬರಲೇಬೇಕು. 2047ಕ್ಕೆ ಹಾಕಿ ನೋಡಿ, ಅದಕ್ಕೂ ಹೌದು ಅನ್ನುತ್ತದೆ.

ಬೆಸಸಂಖ್ಯೆ:
ತುಂಬಾ ಥ್ಯಾಂಕ್ಸ್! 59ನೇ ಸುತ್ತಿಗೆ ಸೊನ್ನೆ ಬಂತು. 67 ಅಲ್ಲ ಅಂತ ಬಂತು, ಅದೂ ಸರಿ. ಆದರೆ 89ಕ್ಕೂ ಅಲ್ಲ ಅನ್ನುತ್ತಿದೆ.

ಶೇಷಗಣಿತ:
67ರ ಉತ್ತರವನ್ನೂ ನಂಬಬೇಡಿ. ಅದರ ವರ್ಗಕ್ಕೆ 134 ಬಿಟ್ ಬೇಕು, 128 ಸಾಲದು, ಉತ್ತರ ಸುಮ್ನೆ ಅದೃಷ್ಟಕ್ಕೆ ಸರಿಯಾಗಿದೆ. ಮರ್ಸೆನ್ 2^ಪಿ − 1 ಅವಿಭಾಜ್ಯವಾಗುವ ಪಿಗಳ 1644ರ ಪಟ್ಟಿಯಲ್ಲಿ 67 ಸೇರಿಸಿ 61 ಬಿಟ್ಟಿದ್ದರು, 1903ರಲ್ಲಿ ಕೋಲ್ 67ರದ್ದನ್ನು 193707721 × 761838257287 ಅಂತ ಒಡೆದು ತೋರಿಸಿದರು. ಇವೆರಡನ್ನು ಗುಣಿಸಿ ನೀವೇ ಪರೀಕ್ಷಿಸಿಕೊಳ್ಳಬಹುದು. 89ಕ್ಕೆ 178 ಬಿಟ್ ಬೇಕು. ಅಲ್ಲಿಂದ ಮುಂದೆ ಪೈಥಾನ್‌ನಲ್ಲೇ ಬರೆಯಿರಿ, ಅದರ ಪೂರ್ಣಾಂಕಗಳಿಗೆ ಬಿಟ್ ಮಿತಿ ಇಲ್ಲ, 89, 107, 127 ಮೂರಕ್ಕೂ ಸೊನ್ನೆ ಬರಬೇಕು.