ಪ್ಲೇಟ್ ಹಾಕಿದರೆ ಎಡಗಡೆ ಸ್ಪೀಕರ್ ಹಾಡಲ್ಲ, ಏನು ಮಾಡಲಿ?

ಪ್ರಶ್ನೆ (ಕಾರವಾರ, ಕೋಡಿಬಾಗ): ಅಣ್ಣಾ, ಅಪ್ಪನ ರೆಕಾರ್ಡ್ ಪ್ಲೇಯರ್ ಮಳೆಗಾಲ ಪೂರ್ತಿ ಕಪಾಟಿನಲ್ಲಿತ್ತು. ಮೊನ್ನೆ ಹೊರಗೆ ತೆಗೆದು ಪ್ಲೇಟ್ ಹಾಕಿದೆ. ಎಡಗಡೆ ಸ್ಪೀಕರಿನಲ್ಲಿ ಹಾಡೇ ಇಲ್ಲ. ಎರಡರಲ್ಲೂ ಗುಂಯ್ ಅಂತ ಸದ್ದು ಬೇರೆ. ಅದೇ ಆಂಪ್ಲಿಫೈಯರಿಗೆ ಮೊಬೈಲ್ ಸಿಕ್ಕಿಸಿದರೆ ಎರಡೂ ಚೆನ್ನಾಗಿ ಹಾಡುತ್ತವೆ. ಸ್ಪೀಕರ್ ಹೋಗಿದೆ, ಹೊಸದು ತಗೊಳ್ಳಿ ಅಂತ ಒಬ್ಬರು ಹೇಳಿದರು. ತರಲಾ?

ಉತ್ತರ (ಶಿರಸಿ, ಆಡಿಯೋ ರಿಪೇರಿ): ತರಬೇಡ ತಮ್ಮಾ. ಮೊಬೈಲ್ ಹಾಡಿತು ಅಂದಮೇಲೆ ಸ್ಪೀಕರ್ ಸರಿ ಇದೆ. ಮುಳ್ಳಿನಿಂದ ಬರುವ ಸಿಗ್ನಲ್ ಬರೀ 5 ಮಿಲಿವೋಲ್ಟ್ ಆಸುಪಾಸು. ಮೊಬೈಲಿನದು ಅದರ ನೂರು ಪಟ್ಟಿಗೂ ಜಾಸ್ತಿ ಇರುತ್ತೆ. ಅಷ್ಟು ಸಣ್ಣ ಸಿಗ್ನಲ್‌ಗೆ ಚೂರು ಕಿಲುಬು ಅಡ್ಡ ಬಂದರೂ ಸಾಕು.

ಮೊದಲು ಆಂಪ್ಲಿಫೈಯರ್ ಆಫ್ ಮಾಡು. ಪ್ಲೇಯರಿನಿಂದ ಬರುವ ಎರಡು ಪಿನ್‌ಗಳನ್ನು ಅದಲು ಬದಲು ಮಾಡಿ ಹಾಡು ಹಾಕು. ಬಲಗಡೆ ಸದ್ದು ಹೋದರೆ ತೊಂದರೆ ಪ್ಲೇಯರ್ ಕಡೆ. ಎಡಗಡೆಯೇ ಇಲ್ಲ ಅಂದರೆ ಆಂಪ್ಲಿಫೈಯರಿನ ಫೋನೋ ಭಾಗ, ಅಂದರೆ ಪ್ಲೇಯರಿನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಭಾಗ ನೋಡಬೇಕು. ಪ್ಲೇಯರಿನಿಂದ ಒಂದು ತೆಳ್ಳಗಿನ ಗ್ರೌಂಡ್ ವೈರೂ ಬಂದಿರುತ್ತೆ. ಅದು ಸಡಿಲ ಇದ್ದರೆ ಗುಂಯ್ ಅನ್ನುತ್ತೆ. ಆಂಪ್ಲಿಫೈಯರ್ ಹಿಂದಿನ ಗ್ರೌಂಡ್ ಸ್ಕ್ರೂಗೆ ಬಿಗಿ ಮಾಡು.

ಪ್ರಶ್ನೆ: ಗುಂಯ್ ನಿಂತಿತು ಅಣ್ಣಾ! ಪಿನ್ ಬದಲಿಸಿದ ಮೇಲೆ ಬಲಗಡೆ ಸದ್ದು ಹೋಯಿತು.

ಉತ್ತರ: ಹಾಗಾದರೆ ಹೆಡ್‌ಶೆಲ್, ಅಂದರೆ ತೋಳಿನ ತುದಿಯಲ್ಲಿ ಮುಳ್ಳು ಕೂತಿರುವ ತುಂಡು ನೋಡೋಣ. ಎಲ್ಲ ಆಫ್ ಮಾಡಿ, ಮುಳ್ಳಿಗೆ ಕವರ್ ಹಾಕಿ, ತೋಳಿನ ತುದಿಯ ರಿಂಗ್ ತಿರುಗಿಸಿ ಅದನ್ನು ಹೊರಗೆ ತೆಗಿ. ಹಿಂದೆ ನಾಲ್ಕು ಸಣ್ಣ ವೈರ್ ಕಾಣುತ್ತವೆ: ಬಿಳಿ, ನೀಲಿ, ಕೆಂಪು, ಹಸಿರು. ಎಡಗಡೆಯದು ಬಿಳಿ ಮತ್ತು ನೀಲಿ. ಅವುಗಳ ಕ್ಲಿಪ್ಪನ್ನು ಚಿಮಟದಲ್ಲಿ ಹಿಡಿದು ನಿಧಾನಕ್ಕೆ ಎಳಿ. ವೈರ್ ಹಿಡಿದು ಎಳೆದರೆ ಕಿತ್ತು ಬರುತ್ತೆ, ನೆನಪಿರಲಿ. ಕಡ್ಡಿಗೆ ಹತ್ತಿ ಸುತ್ತಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪಿನ್ ಒರೆಸು. ಒಣಗಿದ ಮೇಲೆ ಮತ್ತೆ ಸಿಕ್ಕಿಸು. ಅಲ್ಲಿ ಬೆಸುಗೆ ಮಾತ್ರ ಹಾಕಬೇಡ. ಬಿಸಿಗೆ ಒಳಗಿನ ಕಾಯಿಲ್ ಸುಟ್ಟರೆ ಕಾರ್ಟ್ರಿಡ್ಜ್ (ಮುಳ್ಳು ಇರುವ ಪುಟ್ಟ ಡಬ್ಬಿ) ಹೋದ ಹಾಗೆ. ಸಮುದ್ರದ ಉಪ್ಪುಗಾಳಿ ಇರುವ ನಿಮ್ಮೂರಲ್ಲಿ ಈ ಪಿನ್‌ಗಳು ಬೇಗ ಕಿಲುಬು ಹಿಡಿಯುತ್ತವೆ.

ಪ್ರಶ್ನೆ: ಹತ್ತಿ ಹಸಿರಾಯಿತು. ನೀಲಿ ಕ್ಲಿಪ್ ಸಡಿಲವೂ ಇತ್ತು, ಚೂರು ಒತ್ತಿ ಸಿಕ್ಕಿಸಿದೆ. ಈಗ ಎರಡೂ ಕಡೆ ಹಾಡು ಬರುತ್ತಿದೆ! ಅಪ್ಪ ಎದ್ದೇ ಇಲ್ಲ ಕುರ್ಚಿಯಿಂದ. ಒಂದು ಪ್ಲೇಟ್ ಹಾಕಿದಾಗ ಮಾತ್ರ ಸ್ಪೀಕರಿನ ಕೋನ್ ಸುಮ್ನೆ ಹಿಂದೆ ಮುಂದೆ ಆಡುತ್ತದೆ, ಅದೇನು?

ಉತ್ತರ: ಆ ಪ್ಲೇಟ್ ಸೊಟ್ಟಗಾಗಿದೆ. ಕಿವಿಗೆ ಕೇಳದಷ್ಟು ನಿಧಾನದ ಅಲುಗಾಟ ಅದು. ವಾಲ್ಯೂಮ್ ಕಡಿಮೆ ಇಟ್ಟು ಕೇಳಿ. ನೇರ ಆಗಲಿ ಅಂತ ಬಿಸಿಲಿಗೆ ಇಡಬೇಡ, ಇನ್ನೂ ಬಗ್ಗುತ್ತೆ.