ತಪ್ಪೊಪ್ಪಿಕೊಂಡ ಪಾಸ್ಟರ್ ಮಾತಿಗೆ ಮುಂದೆ ಬೆಲೆ ಇರುತ್ತದಾ?

ಉಡುಪಿ ಕಡೆಯವ:
ನಮ್ಮದು ಉಡುಪಿ ಹತ್ತಿರದ ಒಂದು ಸಿಎಸ್‌ಐ (ಪ್ರೊಟೆಸ್ಟೆಂಟ್) ಸಭೆ. ಊರಿನ ಹೆಸರು ಬೇಡ. ಹಳೇ ಚರ್ಚ್, ಹಂಚಿನ ಮಾಡು. ಕೆಲವು ಮಳೆಗಾಲದಿಂದ ಸೋರುತ್ತಾ ಉಂಟು, ಪಕ್ಕಾಸು ರೀಪು, ಮಾಡಿನ ಮರ ಎಲ್ಲ ಗೆದ್ದಲು ಹಿಡಿದಿದೆ. ಒಂದು ಗುಂಪು ಹಂಚು ತೆಗೆದು ಶೀಟ್ ಹಾಕಿ ಅನ್ನುತ್ತದೆ. ಇನ್ನೊಂದು ಗುಂಪಿನಲ್ಲಿ ಹಿರಿಯರೇ ಜಾಸ್ತಿ, ಅವರು ಮರ ಬದಲಿಸಿ ಅದೇ ಹಂಚು ಕೂರಿಸಿ ಅನ್ನುತ್ತಾರೆ. ಅವರ ಅಜ್ಜಂದಿರು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನವರ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಆ ಹಂಚಿನ ಮೇಲೆ ಪ್ರೀತಿ ಇರುವುದು ಸಹಜ. ತಿರುಗಿಸಿ ನೋಡಿದರೆ ಮಿಷನ್ ಹೆಸರು, 1865 ಅಂತ ಅಚ್ಚು. (ಅದು ಮಂಗಳೂರಿನ ಜೆಪ್ಪುವಿನ ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಮಾಡಿದ ವರ್ಷ ಅಲ್ಲ. ಇದಕ್ಕೂ ಒಮ್ಮೆ ಜಗಳ ಆಗಿದೆ.)

ಪಾಸ್ಟರ್ ಹೊಸಬರು, ಚಿಕ್ಕ ವಯಸ್ಸು, ಚೆನ್ನಾಗಿ ಓದಿಕೊಂಡವರು. ಒಂದು ಭಾನುವಾರ ಬೈಬಲಿನ ಹಗ್ಗಾಯ ಪ್ರವಾದಿಯ ಪುಸ್ತಕದ ಮೊದಲ ಅಧ್ಯಾಯ ತೆಗೆದು ಪ್ರಸಂಗ ಮಾಡಿದರು. ನಿಮ್ಮ ಮನೆಗಳಿಗೆಲ್ಲ ಆರ್‌ಸಿಸಿ, ದೇವರ ಮನೆಗೆ ಸೋರುವ ಹಂಚು, ಇದಕ್ಕೆ ಅಡ್ಡ ನಿಲ್ಲುವವರು ದೇವರಿಗೇ ಅಡ್ಡ ನಿಲ್ಲುವವರು ಅಂದುಬಿಟ್ಟರು. ಅಲ್ಲಿಗೆ ಹಿರಿಯರ ಕೆಲವು ಮನೆಗಳು ಬರುವುದನ್ನೇ ನಿಲ್ಲಿಸಿದವು.

ಬೆಳೆಹಬ್ಬಕ್ಕೆ ಕಾಣಿಕೆ ಮಾತ್ರ ಕಳಿಸಿದ್ದರು. ಕಾಣಿಕೆಗಳ ಏಲಂನಲ್ಲಿ ಅವರ ಮನೆಯ ಕದಳಿ ಗೊನೆ ಎತ್ತಿ ಹಿಡಿದು ‘ಇನ್ನೂರು, ಇನ್ನೂರು’ ಅಂತ ಕೂಗಿ ಕೂಗಿ ಹುಡುಗನ ಕೈ ಸೋತಿತು, ಶೀಟ್ ಕಡೆಯವರು ಒಬ್ಬರೂ ಬಾಯಿ ಬಿಡಲಿಲ್ಲ. ಪಾಸ್ಟರ್ ನೋಡುತ್ತಾ ನಿಂತಿದ್ದರು. ಮುಂದಿನ ಭಾನುವಾರ ಪೀಠದಿಂದ ಕೆಳಗೆ ಬಂದು ಬೆಂಚುಗಳ ಹತ್ತಿರ ನಿಂತು, ನನ್ನ ಅಭಿಪ್ರಾಯವನ್ನು ದೇವರ ಮಾತು ಅಂತ ಹೇಳಿದ್ದು ತಪ್ಪಾಯಿತು ಅಂದರು. ಅಷ್ಟೇ.

ಈಗ ನಮ್ಮ ಸಮಿತಿಯಲ್ಲಿ ಅರ್ಧ ಜನ, ಪಾಸ್ಟರೇ ಹೀಗೆ ತಗ್ಗಿದರೆ ನಾಳೆ ಯಾರು ಕೇಳುತ್ತಾರೆ ಅನ್ನುತ್ತಿದ್ದಾರೆ. ನಿಮಗೆ ಎಂತ ಅನಿಸುತ್ತದೆ?

ಕಂಕನಾಡಿ ಕಥೋಲಿಕ:
ನಮ್ಮಲ್ಲಿ ಪಾಲನಾ ಪರಿಷತ್ ಸಲಹೆ ಕೊಡಬಹುದು ಅಷ್ಟೇ, ಕೊನೆಯ ಮಾತು ಫಾದರ್‌ದು. ನಿಯಮವೇ ಹಾಗೆ. ಅದಕ್ಕೇ ಅವರು ತಗ್ಗುವುದು ಇನ್ನೂ ಕಷ್ಟ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಫಾದರ್ ಜನರ ಕಾಲು ತೊಳೆಯುತ್ತಾರೆ ನಿಜ, ಆದರೆ ಕಾಲು ಚಾಚಿ ಕೂತವರು ಮನೆಯಲ್ಲೇ ಸಾಬೂನು ಹಾಕಿ ತಿಕ್ಕಿ ಬಂದಿರುತ್ತಾರೆ ಅಲ್ವಾ! 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಕೈದಿಗಳ ಕಾಲು ತೊಳೆದರು, ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ಆಗಲೂ ಗೊಣಗಿದವರು ಇದ್ದರು. 2016ರಲ್ಲಿ ಹೆಂಗಸರ ಕಾಲನ್ನೂ ತೊಳೆಯಬಹುದು ಅಂತ ನಿಯಮವೇ ಬದಲಾಯಿತು. ಪೋಪ್ ಮಾತಿಗೆ ಅದರಿಂದ ಬೆಲೆ ಕಡಿಮೆ ಆದದ್ದು ನಾನಂತೂ ಕಾಣೆ.

ಬಲ್ಮಠದ ಅಕ್ಕ:
ಸ್ವಲ್ಪ ತಡೆಯಿರಿ. ಬಾಯಲ್ಲಿ ತಪ್ಪಾಯಿತು ಅನ್ನುವುದು ದೊಡ್ಡದಲ್ಲ. ಶೀಟ್ ಕೊಟೇಶನ್ ಯಾರಿಂದ ತಂದರು? ಆ ಕಂಟ್ರಾಕ್ಟರ್ ಸಮಿತಿಯವರ ನೆಂಟನಾ? ಹಂಚಿನ ಕೊಟೇಶನ್ ತರಿಸಿದ್ದಾರಾ ಇಲ್ಲವಾ? ಎರಡನ್ನೂ ನೋಟಿಸ್ ಬೋರ್ಡಿಗೆ ಹಾಕಲಿ, ಆಮೇಲೆ ನಂಬುತ್ತೇನೆ.

ಮತ್ತೆ, ಹಿರಿಯರೆಲ್ಲ ಪಾಪದವರು ಅಂತ ತಿಳಿದುಕೊಳ್ಳಬೇಡಿ. ಒಮ್ಮೆ ಕ್ಷಮೆ ಕೇಳಿದ ಪಾಸ್ಟರನ್ನು ವರ್ಗ ಆಗುವವರೆಗೂ ಬಗ್ಗಿಸಿಯೇ ಇಡುವವರನ್ನು ನಾನು ನೋಡಿದ್ದೇನೆ.

ನಿವೃತ್ತ ಸಭಾಪಾಲಕ:
ಅಕ್ಕ ಹೇಳಿದ್ದೇ ಸರಿ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಆರನೇ ಅಧ್ಯಾಯ ತೆಗೆದು ನೋಡಿ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಊಟ ಹಂಚುವಾಗ ಸರಿಯಾಗಿ ಸಿಗುವುದಿಲ್ಲ ಅಂತ ಗೊಣಗಾಟ ಎದ್ದಿತು. ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರು, ಗೊಣಗಿದವರಿಗೆ ಪ್ರಸಂಗ ಮಾಡಲಿಲ್ಲ, ಏಳು ಜನರನ್ನು ನೀವೇ ಆರಿಸಿ ಅಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು! ದೂರು ಯಾರದೋ ಹೆಚ್ಚುಕಡಿಮೆ ಅವರ ಕೈಗೇ ಊಟದ ಜವಾಬ್ದಾರಿ ಹೋಯಿತು. ನಿಮ್ಮ ಪಾಸ್ಟರ್ ನಿಜವಾಗಿ ತಗ್ಗಿದ್ದಾರಾ ಅಂತ ಗೊತ್ತಾಗಬೇಕಾದರೆ, ಮಾಡಿನ ಕೆಲಸದ ಉಪಸಮಿತಿಯಲ್ಲಿ ಯಾರನ್ನು ಕೂರಿಸುತ್ತಾರೆ ನೋಡಿ.

ಇನ್ನೊಂದು, ನಮ್ಮ ಕಸುಬಿನ ಒಳಗಿನ ಮಾತು. ಮುನಿಸಿಕೊಂಡವರ ಮನೆಗೆ ಅವರು ಒಬ್ಬರೇ ಹೋಗಲಿ, ಸಮಿತಿಯವರನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವುದು ಬೇಡ. ಬೈದರೆ ಬೈಸಿಕೊಳ್ಳಲಿ, ಕೊಟ್ಟ ಚಾ ಕುಡಿಯಲಿ. ಏಳುವಾಗ ಮಾಡುವ ಪ್ರಾರ್ಥನೆಯಲ್ಲಿ ಮಾತ್ರ ಉತ್ತರ ಕೊಡಬಾರದು. ‘ಕರ್ತನೇ, ಈ ಕುಟುಂಬಕ್ಕೆ ಒಳ್ಳೇ ಮನಸ್ಸು ಕೊಡು’ ಅಂತ ಕಣ್ಣು ಮುಚ್ಚಿಕೊಂಡು ಚುಚ್ಚುವುದರಲ್ಲಿ ನಾವು ಪಾಸ್ಟರುಗಳು ಭಾರೀ ಹುಷಾರು, ಎದುರು ಕೂತವರು ಆಮೆನ್ ಅನ್ನಲೇಬೇಕಲ್ಲ.

ಎಲ್ಲ ಜಗಳವೂ ಒಂದೇ ವರ್ಷದಲ್ಲಿ ಮುಗಿಯುವುದಿಲ್ಲ. ಮಾರ್ಕನನ್ನು ಜೊತೆಗೆ ಕರೆದುಕೊಂಡು ಹೋಗುವ ವಿಷಯಕ್ಕೆ ಅಪೊಸ್ತಲ ಪೌಲ ಮತ್ತು ಅವನ ಜೊತೆಗಾರ ಬಾರ್ನಬರೇ ಬೇರೆ ಬೇರೆ ದಾರಿ ಹಿಡಿದರು. ಅದೇ ಪೌಲ ಕೊನೆಗಾಲದಲ್ಲಿ ತಿಮೊಥೆಯನಿಗೆ ಬರೆಯುವಾಗ, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗ ಉಂಟು ಅನ್ನುತ್ತಾನೆ. ನಡುವೆ ಎಷ್ಟೋ ವರ್ಷ ಕಳೆದಿತ್ತು.

ಕಾಪು ಹುಡುಗ:
ಶೀಟ್ ಹಾಕಿದರೆ ಜುಲೈ ಮಳೆಗೆ ಪ್ರಸಂಗ ಒಂದು ಅಕ್ಷರ ಕೇಳುವುದಿಲ್ಲ ಮಾರಾಯ್ರೇ. ಕೆಲವರಿಗೆ ಅದೇ ಬೇಕಾಗಿರಬಹುದು 😄

ಉಡುಪಿ ಕಡೆಯವ:
ಎಲ್ಲರಿಗೂ ಥ್ಯಾಂಕ್ಸ್. ಇದನ್ನೆಲ್ಲ ಪಾಸ್ಟರಿಗೆ ತೋರಿಸಿದೆ. ಕಣ್ಣು ಮುಚ್ಚಿ ಚುಚ್ಚುವ ಮಾತು ಓದಿ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಎರಡೂ ಕೊಟೇಶನ್ ಬೋರ್ಡಿಗೆ ಹಾಕಲು ಒಪ್ಪಿದ್ದಾರೆ. ಉಪಸಮಿತಿಗೆ ಹಂಚಿನ ಕಡೆಯವರನ್ನೇ ಜಾಸ್ತಿ ಹಾಕೋಣ ಅಂದಾಗ ಶೀಟ್ ಕಡೆಯವರು ಮೀಟಿಂಗ್‌ನಿಂದ ಎದ್ದು ಹೋದರು, ಈಗ ಅವರ ಮನೆಗಳಿಗೂ ಹೋಗಬೇಕು. ಅಕ್ಕಾ, ಕಂಟ್ರಾಕ್ಟರ್ ನೆಂಟನೇ. ಅದನ್ನು ಇಲ್ಲಿ ಜಾಸ್ತಿ ಕೆದಕುವುದಿಲ್ಲ.

ಹಳೇ ಮಾಡಿನ ಕೆಲಸ ಗೊತ್ತಿರುವ ಬಡಗಿ ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಏನೇ ತೀರ್ಮಾನ ಆದರೂ ಮೇ ತಿಂಗಳೊಳಗೆ ಕೆಲಸ ಮುಗಿಯಬೇಕು.