ವಕೀಲರನ್ನು ಕೇಳಿ: ಕಾನೂನಿನ ಆಳ್ವಿಕೆ ಕಾಯುವ ವಿಶ್ವದ ಸಂಸ್ಥೆಗಳಿಂದ ನಮಗೇನು?

ನಿರ್ವಾಹಕರಿಂದ: ಈ ವಾರ ನಮ್ಮ ಗುಂಪಿನಲ್ಲಿ ಉತ್ತರಿಸುತ್ತಿರುವವರು ದಾವಣಗೆರೆಯ ನ್ಯಾಯಾಲಯದಲ್ಲಿ ಸಿವಿಲ್ ಪ್ರಕರಣಗಳನ್ನು ನಡೆಸುವ ಹಿರಿಯ ವಕೀಲೆ. ನಿಮ್ಮ ಕೇಸಿನ ನಂಬರು, ಎದುರು ಪಾರ್ಟಿಯ ಹೆಸರು ಇಲ್ಲಿ ಹಾಕಬೇಡಿ.

ಪ್ರಶ್ನೆ (ಹಿರಿಯೂರು ತಾಲ್ಲೂಕಿನ ರೈತರು): ನಮಸ್ಕಾರ ಮೇಡಂ. ಹೊಲದ ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸುವುದಕ್ಕೆ, ಅರ್ಜಿ ಕೊಟ್ಟು ವರ್ಷ ದಾಟಿತು. ಪಕ್ಕದ ಹೊಲದವರು ಬದು ಒತ್ತಿ ಅಡಿಕೆ ಸಸಿ ನೆಟ್ಟಿದ್ದಾರೆ. ಭೂಮಾಪಕರು ಒಮ್ಮೆ ಬಂದರು, ಪಕ್ಕದವರು ತಕರಾರು ತೆಗೆದ ಕೂಡಲೇ ಹಿಂತಿರುಗಿದರು, ಮತ್ತೆ ಈ ಕಡೆ ತಲೆ ಹಾಕಿಲ್ಲ. ಕಾನೂನಿನ ಆಳ್ವಿಕೆ ಕಾಯುವುದಕ್ಕೆಂದೇ ಪ್ರಪಂಚದಲ್ಲಿ ಹತ್ತಾರು ಸಂಸ್ಥೆಗಳಿವೆ ಎಂದು ಮಗ ಮೊಬೈಲಿನಲ್ಲಿ ತೋರಿಸುತ್ತಾನೆ. ಯಾವುದಕ್ಕೆ ಬರೆದರೆ ಕೆಲಸವಾಗುತ್ತದೆ?

ಉತ್ತರ: ಯಜಮಾನರೇ, ಯಾವುದಕ್ಕೂ ಬರೆಯಬೇಡಿ. ಅಂಚೆ ಖರ್ಚು ದಂಡ.

ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯ ದೇಶ ದೇಶಗಳ ನಡುವಿನ ವ್ಯಾಜ್ಯವನ್ನು ಮಾತ್ರ ಕೇಳುತ್ತದೆ. ಪಾಕಿಸ್ತಾನ ಮರಣದಂಡನೆ ವಿಧಿಸಿದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ತೀರ್ಪು ಬಂದದ್ದು ಎಲ್ಲರಿಗೂ ನೆನಪಿರಬೇಕು. ಅಲ್ಲಿ ವಾದಿ ಭಾರತ ಸರ್ಕಾರ, ಜಾಧವ್ ಕುಟುಂಬವಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ವ್ಯಕ್ತಿಗಳು ದೂರು ಕೊಡಬಹುದು, ನಿಜ. ಆದರೆ ಅವರ ದೇಶ ಅದಕ್ಕೆ ಮೊದಲು ಒಪ್ಪಿರಬೇಕು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು, ವೈಯಕ್ತಿಕ ದೂರಿಗೆ ಬಾಗಿಲು ತೆರೆಯುವ ಐಚ್ಛಿಕ ಒಪ್ಪಂದಕ್ಕೆ ಸೇರಲಿಲ್ಲ. ಸೇರಿದ್ದರೂ ಊರಿನಲ್ಲಿ ಹತ್ತಬೇಕಾದ ಮೆಟ್ಟಿಲುಗಳನ್ನೆಲ್ಲ ಹತ್ತಿದ ಮೇಲೆಯೇ ಆ ಮಾತು.

ನಿಮ್ಮ ಅರ್ಜಿಗೆ ಕೊಟ್ಟ ಸ್ವೀಕೃತಿಯಲ್ಲಿ ಸಕಾಲ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಿಸುವ ರಾಜ್ಯದ ವ್ಯವಸ್ಥೆ) ಸಂಖ್ಯೆ ಇದೆಯೇ ನೋಡಿ. ಇದ್ದರೆ ಗಡುವು ಮೀರಿದ್ದಕ್ಕೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಚಿಕ್ಕದು, ಆದರೆ ಅದನ್ನು ವಸೂಲು ಮಾಡುವುದು ತಡ ಮಾಡಿದವರಿಂದ, ಹಾಗಾಗಿ ಕಡತ ಅಲುಗಾಡುತ್ತದೆ. ಜೊತೆಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಎರಡೇ ಸಂಗತಿ ಕೇಳಿ: ಆ ದಿನ ಅಳತೆಗೆ ಬಂದವರು ಬರೆದ ವರದಿಯ ನಕಲು ಮತ್ತು ಕಡತ ಈಗ ಯಾರ ಮೇಜಿನ ಮೇಲಿದೆ ಎಂಬುದು. 30 ದಿನಗಳಲ್ಲಿ ಉತ್ತರ ಕೊಡಬೇಕು. ‘ಏಕೆ ಮಾಡಿಲ್ಲ’ ಎಂದು ಕೇಳಿದರೆ ಜಗಳವಾಗುತ್ತದೆ, ದಾಖಲೆ ಕೇಳಿದರೆ ಉತ್ತರ ಬರುತ್ತದೆ. ಇನ್ನೊಂದು ಮಾತು. ಹದ್ದುಬಸ್ತು ಗಡಿಯನ್ನು ತೋರಿಸುತ್ತದೆ, ಒತ್ತಿದ ಜಾಗವನ್ನು ಬಿಡಿಸಿಕೊಡುವುದಿಲ್ಲ. ಅವರು ಬಿಡಲೊಪ್ಪದಿದ್ದರೆ ಸಿವಿಲ್ ದಾವೆಯೇ ಗತಿ.

ಪ್ರಶ್ನೆ (ದಾವಣಗೆರೆಯ ಕಾನೂನು ವಿದ್ಯಾರ್ಥಿ): ಮೇಡಂ, ದೂರು ಕೇಳುವುದಿಲ್ಲ ಎಂದಾದರೆ ಈ ಸಂಸ್ಥೆಗಳು ಮಾಡುವುದಾದರೂ ಏನು? ನಮ್ಮ ಸೆಮಿನಾರಿಗೆ ಇದೇ ವಿಷಯ. ಐಸಿಜೆ ಎಂಬ ಹೆಸರಿನಲ್ಲಿಯೇ ಎರಡು ಸಿಗುತ್ತಿವೆ, ತಲೆ ಕೆಟ್ಟಿದೆ.

ಉತ್ತರ: ತಮ್ಮಾ, ಆ ಗೊಂದಲ ವಕೀಲರ ಸಂಘದ ಹಿರಿಯರಲ್ಲೂ ಇದೆ. ಒಂದು ಹೇಗ್‌ನ ನ್ಯಾಯಾಲಯ. ಇನ್ನೊಂದು ಅಂತರರಾಷ್ಟ್ರೀಯ ನ್ಯಾಯಶಾಸ್ತ್ರಜ್ಞರ ಆಯೋಗ. ಅದು ಸರ್ಕಾರೇತರ ಸಂಸ್ಥೆ, ಕಚೇರಿ ಜಿನೀವಾದಲ್ಲಿ. ನಿನ್ನ ಸೆಮಿನಾರಿಗೆ ಎರಡನೆಯದನ್ನೇ ಹಿಡಿ, ಅದಕ್ಕೊಂದು ಕಥೆಯಿದೆ.

1952ರ ಜುಲೈ 8ರ ಬೆಳಿಗ್ಗೆ ಪಶ್ಚಿಮ ಬರ್ಲಿನ್ನಿನಲ್ಲಿ ವಾಲ್ಟರ್ ಲಿನ್ಸೆ ಎಂಬ ವಕೀಲ ಕೆಲಸಕ್ಕೆ ಹೊರಟಾಗ ಮನೆಯ ಹತ್ತಿರವೇ ಅವನನ್ನು ಕಾರಿಗೆ ನೂಕಿ ಗಡಿಯಾಚೆಗೆ ಸಾಗಿಸಿದರು. ಪೂರ್ವ ಜರ್ಮನಿಯಲ್ಲಿ ನಡೆಯುತ್ತಿದ್ದ ಹಕ್ಕುಗಳ ಉಲ್ಲಂಘನೆಯನ್ನು ದಾಖಲಿಸುತ್ತಿದ್ದ ಗುಂಪಿನಲ್ಲಿ ಅವನು ಕೆಲಸ ಮಾಡುತ್ತಿದ್ದ. ಮುಂದಿನ ವರ್ಷದ ಡಿಸೆಂಬರಿನಲ್ಲಿ ಮಾಸ್ಕೋದಲ್ಲಿ ಮರಣದಂಡನೆಯಾಯಿತು. ಅಪಹರಣವಾದ ಅದೇ ತಿಂಗಳು ಬರ್ಲಿನ್ನಿನಲ್ಲಿ ಸೇರಿದ ನ್ಯಾಯಶಾಸ್ತ್ರಜ್ಞರ ಸಮ್ಮೇಳನದಿಂದ ಈ ಆಯೋಗ ಹುಟ್ಟಿತು.

ನಮಗೆ ಬೇಕಾದದ್ದು ಏಳು ವರ್ಷಗಳ ಅನಂತರದ ಘಟನೆ. 1959ರ ಜನವರಿಯಲ್ಲಿ ಆಯೋಗ ತನ್ನ ಸಮ್ಮೇಳನವನ್ನು ನವದೆಹಲಿಯಲ್ಲಿ ನಡೆಸಿತು. 53 ದೇಶಗಳ 185 ನ್ಯಾಯಾಧೀಶರು, ವಕೀಲರು, ಪ್ರಾಧ್ಯಾಪಕರು ಕುಳಿತು ಒಪ್ಪಿದ್ದು ದೆಹಲಿ ಘೋಷಣೆ. ಅಲ್ಲಿಯವರೆಗೆ ಕಾನೂನಿನ ಆಳ್ವಿಕೆ ಎಂದರೆ ಬಹುಮಟ್ಟಿಗೆ ಸರ್ಕಾರದ ಕೈ ಕಟ್ಟುವ ಮಾತಾಗಿತ್ತು. ಮನುಷ್ಯ ಘನತೆಯಿಂದ ಬದುಕಲು ಬೇಕಾದ ಸಾಮಾಜಿಕ, ಆರ್ಥಿಕ, ಶೈಕ್ಷಣಿಕ ಸ್ಥಿತಿಯನ್ನು ಉಂಟುಮಾಡುವುದೂ ಅದರೊಳಗೇ ಬರುತ್ತದೆ ಎಂದು ದೆಹಲಿಯಲ್ಲಿ ಹೇಳಿದರು. ಹಣ ಕೊಡಲಾಗದವನಿಗೂ ವಕೀಲ ಸಿಗಬೇಕು ಎಂಬ ಮಾತೂ ಅಲ್ಲಿದೆ. ನಮ್ಮ ಸಂವಿಧಾನಕ್ಕೆ ಉಚಿತ ಕಾನೂನು ನೆರವಿನ 39ಎ ವಿಧಿ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಒಂದರಿಂದಲೇ ಇನ್ನೊಂದು ಬಂತು ಎಂದು ಬರೆಯಬೇಡ, ಪರೀಕ್ಷಕರು ಹಿಡಿದು ಕೇಳುತ್ತಾರೆ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದು.

ಉಳಿದವನ್ನು ಕೆಲಸದ ಬಗೆಯಿಂದ ನೆನಪಿಡು. ಯಾವ ದೇಶದಲ್ಲಿ ಕಾನೂನಿನ ಆಳ್ವಿಕೆ ಎಷ್ಟಿದೆ ಎಂದು ಅಳೆದು ಅಂಕ ಕೊಡುವವರಲ್ಲಿ ಮುಖ್ಯವಾದದ್ದು ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್. 2006ರಲ್ಲಿ ಅಮೆರಿಕದ ವಕೀಲರ ಸಂಘದ ಯೋಜನೆಯಾಗಿ ಶುರುವಾಗಿ ಆಮೇಲೆ ಸ್ವತಂತ್ರವಾಯಿತು. ಸಲಹೆ ಕೊಡುವುದು ವೆನಿಸ್ ಆಯೋಗ. ಬರ್ಲಿನ್ ಗೋಡೆ ಬಿದ್ದ ಮೇಲೆ ಹೊಸ ಸಂವಿಧಾನ ಬರೆಯುತ್ತಿದ್ದ ಪೂರ್ವ ಯೂರೋಪಿನ ದೇಶಗಳಿಗೆ ನೆರವಾಗಲು 1990ರಲ್ಲಿ ಸ್ಥಾಪನೆಯಾಯಿತು. ಒಂದು ದೇಶ ನ್ಯಾಯಾಧೀಶರ ನೇಮಕದ ಕಾನೂನನ್ನು ಬದಲಿಸಲು ಹೊರಟರೆ ಇವರು ಕರಡನ್ನು ಓದಿ ಅಭಿಪ್ರಾಯ ಬರೆಯುತ್ತಾರೆ, ಪಾಲಿಸುವುದು ಬಿಡುವುದು ಆ ದೇಶಕ್ಕೆ ಸೇರಿದ್ದು. ರೋಮ್‌ನಲ್ಲಿರುವ ಅಂತರರಾಷ್ಟ್ರೀಯ ಅಭಿವೃದ್ಧಿ ಕಾನೂನು ಸಂಸ್ಥೆ 1983ರಿಂದ ನ್ಯಾಯಾಧೀಶರಿಗೆ, ಸರ್ಕಾರಿ ವಕೀಲರಿಗೆ ತರಬೇತಿ ಕೊಡುತ್ತಾ ಬಂದಿದೆ. ಮನೆಯ ಹತ್ತಿರದ್ದು ಬೇಕೆಂದರೆ ಕಾಮನ್‌ವೆಲ್ತ್ ಮಾನವ ಹಕ್ಕುಗಳ ಉಪಕ್ರಮ. 1987ರಲ್ಲಿ ಆರಂಭವಾದ ಇದರ ಕೇಂದ್ರ ಕಚೇರಿ ದೆಹಲಿಯಲ್ಲಿದೆ. ಪೊಲೀಸ್ ಸುಧಾರಣೆ, ಜೈಲು, ಮಾಹಿತಿ ಹಕ್ಕು ಇವರ ಕ್ಷೇತ್ರ. ಬೆಂಗಳೂರಿನ ‘ದಕ್ಷ್’ ನ್ಯಾಯಾಲಯಗಳ ವಿಳಂಬವನ್ನೇ ಅಂಕಿಅಂಶದಿಂದ ಅಧ್ಯಯನ ಮಾಡುತ್ತದೆ. ಇಂಟರ್ನ್‌ಶಿಪ್‌ಗೆ ಜಿನೀವಾ ಕನಸು ಕಾಣುವ ಮೊದಲು ಅಲ್ಲಿಗೊಂದು ಪತ್ರ ಬರೆ.

ಪ್ರಶ್ನೆ (ಹರಿಹರದ ನಿವೃತ್ತ ಬ್ಯಾಂಕ್ ಉದ್ಯೋಗಿ): ವಕೀಲರೇ, ಒಂದು ಸಂಶಯ. ಹೊರದೇಶದಲ್ಲಿ ಕುಳಿತು ನಮಗೆ ಅಂಕ ಕೊಡಲು ಇವರು ಯಾರು? ಹಣ ಯಾರದ್ದು?

ಉತ್ತರ: ಹಣ ಯಾರದ್ದು ಎಂಬುದು ಬ್ಯಾಂಕಿನವರೇ ಕೇಳಬೇಕಾದ ಪ್ರಶ್ನೆ. ಮೇಲೆ ಹೊಗಳಿದ ನ್ಯಾಯಶಾಸ್ತ್ರಜ್ಞರ ಆಯೋಗಕ್ಕೆ ಆರಂಭದ ವರ್ಷಗಳಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ಹಣ ಹರಿಸಿತ್ತೆಂಬುದು 1967ರಲ್ಲಿ ಬಯಲಾಯಿತು. ಆಯೋಗ ಅದರಿಂದ ಹೊರಬಂದು ಬೇರೆ ದಾರಿ ಹಿಡಿಯಿತು. ಶೀತಲ ಸಮರದ ಕಾಲದಲ್ಲಿ ಕಾನೂನಿನ ಆಳ್ವಿಕೆಯೂ ಒಂದು ಆಯುಧವಾಗಿತ್ತು ಎಂಬುದನ್ನು ಮರೆಯಬಾರದು. ಹಾಗೆಂದು ದೆಹಲಿ ಘೋಷಣೆಯ ಮಾತು ಸುಳ್ಳಾಗುವುದಿಲ್ಲ.

ರ‍್ಯಾಂಕಿಂಗ್‌ಗಳ ವಿಷಯದಲ್ಲಿ ನನ್ನ ಅನುಮಾನ ನಿಮಗಿಂತ ಜಾಸ್ತಿ. ಯಾವ ದೇಶದಲ್ಲಿ ವ್ಯಾಪಾರ ನಡೆಸುವುದು ಸುಲಭ ಎಂದು ಅಳೆಯುತ್ತಿದ್ದ ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ವರದಿಯನ್ನು ನಮ್ಮ ಪತ್ರಿಕೆಗಳು ವರ್ಷವರ್ಷ ಮುಖಪುಟದಲ್ಲಿ ಹಾಕುತ್ತಿದ್ದವು. ದತ್ತಾಂಶವನ್ನು ತಿದ್ದಿದ್ದು ತನಿಖೆಯಲ್ಲಿ ಕಂಡುಬಂದು 2021ರಲ್ಲಿ ಬ್ಯಾಂಕೇ ಅದನ್ನು ನಿಲ್ಲಿಸಿತು. ಮಾಹಿತಿ ಹಕ್ಕು ಕಾನೂನುಗಳ ಜಾಗತಿಕ ಪಟ್ಟಿ ಇನ್ನೂ ಸ್ವಾರಸ್ಯ: ಅದರಲ್ಲಿ ಮೊದಲ ಸ್ಥಾನಕ್ಕೇರಿದ್ದು ಅಫ್ಘಾನಿಸ್ತಾನ! ಮೋಸವೇನಿಲ್ಲ, ಆ ಪಟ್ಟಿ ಅಳೆಯುವುದು ಕಾಯ್ದೆಯ ಪಠ್ಯವನ್ನು, ಕಚೇರಿಯಲ್ಲಿ ನಡೆಯುವುದನ್ನಲ್ಲ.

ವರ್ಲ್ಡ್ ಜಸ್ಟಿಸ್ ಪ್ರಾಜೆಕ್ಟ್ ಸ್ವಲ್ಪ ವಾಸಿ. ಕಾಯ್ದೆ ಓದುವುದನ್ನು ಬಿಟ್ಟು ಜನರನ್ನೇ ಕೇಳುತ್ತದೆ: ಪೊಲೀಸರಿಗೆ ಲಂಚ ಕೊಟ್ಟಿರಾ, ವ್ಯಾಜ್ಯ ಬಂದಾಗ ಎಲ್ಲಿಗೆ ಹೋದಿರಿ, ಎಷ್ಟು ದಿನ ಹಿಡಿಯಿತು. 2024ರ ಸೂಚ್ಯಂಕದಲ್ಲಿ 142 ದೇಶಗಳಿದ್ದವು, ಡೆನ್ಮಾರ್ಕ್ ಮೊದಲು, ವೆನೆಜುವೆಲಾ ಕೊನೆ, ಭಾರತ 79. ಆದರೆ ಮೊದಮೊದಲ ವರ್ಷಗಳಲ್ಲಿ ಬಹಳಷ್ಟು ದೇಶಗಳಲ್ಲಿ ಮೂರು ದೊಡ್ಡ ನಗರಗಳ ಸಾವಿರ ಜನರನ್ನು ಮಾತ್ರ ಕೇಳುತ್ತಿದ್ದರು. ಮುಂಬೈಯಲ್ಲಿ ಬಾಗಿಲು ತಟ್ಟಿದರೆ ಮೊಳಕಾಲ್ಮೂರಿನ ಸುದ್ದಿ ತಿಳಿಯುತ್ತದೆಯೇ? ನಾನು ಒಟ್ಟು ರ‍್ಯಾಂಕನ್ನು ನೋಡುವುದೇ ಇಲ್ಲ. ಸಿವಿಲ್ ನ್ಯಾಯದ ಕಾಲಂ ತೆಗೆದು ವಿಳಂಬದ ಅಂಕ ಮಾತ್ರ ನೋಡುತ್ತೇನೆ.

ಪ್ರಶ್ನೆ (ಅದೇ ಸದಸ್ಯರು): ಇಂಡಿಯಾ ಜಸ್ಟಿಸ್ ರಿಪೋರ್ಟಿನಲ್ಲಿ ಕರ್ನಾಟಕವೇ ಮೊದಲಂತೆ. ನಮ್ಮ ಪಾಲು ವಿಭಾಗದ ದಾವೆ ಮಾತ್ರ ವಾಯಿದೆಯಿಂದ ವಾಯಿದೆಗೆ ಹೋಗುತ್ತಿದೆ.

ಉತ್ತರ: ಎರಡೂ ನಿಜ. ಟಾಟಾ ಟ್ರಸ್ಟ್ಸ್ 2019ರಲ್ಲಿ ಆರಂಭಿಸಿದ ಆ ವರದಿಯಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ 2022ರಲ್ಲೂ 2025ರಲ್ಲೂ ಮೊದಲ ಸ್ಥಾನ ಪಡೆದಿದೆ. ಪೊಲೀಸ್, ನ್ಯಾಯಾಂಗ, ಜೈಲು, ಕಾನೂನು ನೆರವು ಈ ನಾಲ್ಕರಲ್ಲಿ ಖಾಲಿ ಹುದ್ದೆ, ಬಜೆಟ್, ಮಹಿಳೆಯರ ಪಾಲು, ಮೀಸಲಾತಿ ಭರ್ತಿ ಇಂಥವನ್ನು ಸರ್ಕಾರದ ಅಂಕಿಗಳಿಂದಲೇ ಲೆಕ್ಕ ಹಾಕುತ್ತಾರೆ. ಮೊದಲ ಸ್ಥಾನ ಎಂದರೆ ಉಳಿದವರಿಗಿಂತ ಮೇಲು ಎಂದಷ್ಟೇ. ಪಾಲು ವಿಭಾಗದ ದಾವೆಯಲ್ಲಿ ಅರ್ಧ ಕಾಲ ಎಲ್ಲ ವಾರಸುದಾರರಿಗೆ ಸಮನ್ಸ್ ಜಾರಿಯಾಗುವುದರಲ್ಲೇ ಕಳೆಯುತ್ತದೆ, ನಡುವೆ ಒಬ್ಬರು ತೀರಿಕೊಂಡರೆ ಅವರ ಮಕ್ಕಳನ್ನು ಸೇರಿಸಬೇಕು. ಅದಕ್ಕೆ ಯಾವ ವರದಿಯಲ್ಲೂ ಕಾಲಂ ಇಲ್ಲ. ವಿಳಾಸಗಳನ್ನು ಸರಿಯಾಗಿ ಕೊಟ್ಟಿದ್ದೀರಾ, ನಿಮ್ಮ ವಕೀಲರನ್ನು ಕೇಳಿ.

ಪ್ರಶ್ನೆ (ಹೊಳಲ್ಕೆರೆಯ ಸದಸ್ಯರು): ನಮ್ಮ ಕಡೆ ಎಷ್ಟೋ ಜನ ಸೋಮವಾರ ಸಿರಿಗೆರೆಯ ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಹೋಗಿ ವ್ಯಾಜ್ಯ ಬಗೆಹರಿಸಿಕೊಳ್ಳುತ್ತಾರೆ. ವಕೀಲರ ಖರ್ಚಿಲ್ಲ. ಈ ಸಂಸ್ಥೆಗಳ ಕಣ್ಣಿನಲ್ಲಿ ಇದು ಕಾನೂನಿನ ಆಳ್ವಿಕೆಯೋ ಅಲ್ಲವೋ?

ಉತ್ತರ: ಈ ದಿನದ ಅತಿ ಒಳ್ಳೆಯ ಪ್ರಶ್ನೆ ಇದು. ಹಿಂದೆ ಇಂಥ ಸಂಸ್ಥೆಗಳು ನ್ಯಾಯಾಲಯ, ಪೊಲೀಸ್ ಠಾಣೆ, ಕಾಯ್ದೆ ಪುಸ್ತಕ ಇವನ್ನು ಬಿಟ್ಟು ಬೇರೆ ಕಡೆ ನೋಡುತ್ತಿರಲಿಲ್ಲ. ಆಫ್ರಿಕಾ, ಏಷ್ಯಾದ ಹಳ್ಳಿಗಳಲ್ಲಿ ಬಹುಪಾಲು ವ್ಯಾಜ್ಯ ಹಿರಿಯರ ಮುಂದೆಯೇ ತೀರುತ್ತದೆ ಎಂದು ಅರಿವಾದ ಮೇಲೆ ಧೋರಣೆ ಬದಲಾಯಿತು. ರೋಮ್‌ನ ಸಂಸ್ಥೆ ಈಗ ಸಾಂಪ್ರದಾಯಿಕ ನ್ಯಾಯವನ್ನು ದೂರವಿಡುವುದಿಲ್ಲ, ಅದರ ಮುಂದೆ ಕೆಲವು ಪ್ರಶ್ನೆ ಇಡುತ್ತದೆ. ಎರಡೂ ಕಡೆಯವರು ಸ್ವಇಚ್ಛೆಯಿಂದ ಬಂದರೇ? ಹೆಣ್ಣುಮಕ್ಕಳ ಮಾತನ್ನು ಕೇಳಿದರೇ? ಒಪ್ಪದವರಿಗೆ ನ್ಯಾಯಾಲಯಕ್ಕೆ ಹೋಗುವ ದಾರಿ ತೆರೆದಿದೆಯೇ?

ಮಠದ ಮಾತಾಗಲಿ, ಹಿರಿಯರ ಕಟ್ಟೆಯಾಗಲಿ, ನಾನು ಕಕ್ಷಿದಾರರಿಗೆ ಹೇಳುವುದು ಇಷ್ಟೇ. ಕೊಡುಕೊಳ್ಳುವ ವ್ಯಾಜ್ಯ, ಬದುವಿನ ಜಗಳ, ಅಣ್ಣತಮ್ಮಂದಿರ ಮನಸ್ತಾಪ ಅಲ್ಲಿ ತೀರಿದರೆ ಸಂತೋಷ. ದಾವೆ ಬಾಕಿ ಇದ್ದರೆ ಒಪ್ಪಂದವನ್ನು ರಾಜಿ ಅರ್ಜಿಯಾಗಿ ನ್ಯಾಯಾಲಯಕ್ಕೆ ಸಲ್ಲಿಸಿ ಡಿಕ್ರಿ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ನಾಳೆ ಮಾತಿಗೆ ತಪ್ಪಿದವರ ಮೇಲೆ ಅಮಲು ಜಾರಿ ಮಾಡಲು ಏನೂ ಇರುವುದಿಲ್ಲ. ಹೊಡೆತ, ಅತ್ಯಾಚಾರ, ಜಾತಿ ದೌರ್ಜನ್ಯ, ಬಾಲ್ಯವಿವಾಹ ಇವನ್ನು ಮಾತ್ರ ಯಾರ ಕಟ್ಟೆಗೂ ಒಯ್ಯಬೇಡಿ. ಅವು ಠಾಣೆಗೇ ಹೋಗಬೇಕು.

ಪ್ರಶ್ನೆ (ಜಗಳೂರಿನ ಅಂಗನವಾಡಿ ಕಾರ್ಯಕರ್ತೆ): ಮೇಡಂ, ನಾನು ಕಾನೂನು ಓದಿದವಳಲ್ಲ. ಪಿಂಚಣಿ, ರೇಷನ್ ಕಾರ್ಡ್, ಗಂಡ ಬಿಟ್ಟುಹೋದದ್ದು ಎಂದು ಊರಿನ ಹೆಂಗಸರು ನನ್ನ ಹತ್ತಿರವೇ ಬರುತ್ತಾರೆ. ಇಂಥ ಕೆಲಸ ಮಾಡುವ ಸಂಸ್ಥೆಗಳೂ ಇವೆಯೇ? ನಾನು ಸೇರಬಹುದೇ?

ಉತ್ತರ: ಇವೆ ತಂಗಿ. ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ ಅಂತರ್ಯುದ್ಧ ಮುಗಿದಾಗ ವಕೀಲರೇ ಕಡಿಮೆ, ಇದ್ದವರೂ ರಾಜಧಾನಿಯಲ್ಲಿ. 2003ರಲ್ಲಿ ‘ತಿಮಾಪ್ ಫಾರ್ ಜಸ್ಟಿಸ್’ ಎಂಬ ಸಂಸ್ಥೆ ಹಳ್ಳಿಯವರಿಗೇ ಕಾನೂನಿನ ತರಬೇತಿ ಕೊಟ್ಟು ಜನರ ನೆರವಿಗೆ ಕೂರಿಸಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಿವೇಕ್ ಮಾರು 2011ರಲ್ಲಿ ‘ನಮತಿ’ ಎಂಬ ಜಾಗತಿಕ ಸಂಸ್ಥೆ ಆರಂಭಿಸಿದರು. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲೂ ಅವರ ಕಾರ್ಯಕರ್ತರು ಸ್ಥಳೀಯರೊಂದಿಗೆ ಕೂತು ಪರಿಸರ ನಿಯಮಗಳ ಉಲ್ಲಂಘನೆಯ ಅರ್ಜಿಗಳನ್ನು ಬರೆಸಿದ್ದಾರೆ.

ನೀವು ಅಷ್ಟು ದೂರ ಹೋಗಬೇಕಾಗಿಲ್ಲ. 2009ರಿಂದ ಅರೆ ಕಾನೂನು ಸ್ವಯಂಸೇವಕರ ಯೋಜನೆ ಇದೆ. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು, ವಿದ್ಯಾರ್ಥಿಗಳು ಸೇರಬಹುದು, ತರಬೇತಿಯನ್ನು ಕಾನೂನು ಸೇವಾ ಪ್ರಾಧಿಕಾರದವರೇ ಕೊಡುತ್ತಾರೆ, ಕೆಲಸ ಮಾಡಿದ ದಿನಕ್ಕೆ ಗೌರವಧನವಿದೆ. ದಾವಣಗೆರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅರ್ಜಿ ಕರೆಯುವ ದಿನ ತಿಳಿಸುತ್ತಾರೆ. ನಿಮ್ಮ ಬಳಿ ಬರುವ ಹೆಂಗಸರಿಗೆ ಇಂದೇ ಒಂದು ಮಾತು ಹೇಳಿಬಿಡಿ: ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ ವಕೀಲರು ಉಚಿತ, ವರಮಾನದ ಪ್ರಮಾಣಪತ್ರ ಬೇಕಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಬರುವಾಗ ಆಧಾರ್ ನಕಲು, ಇದ್ದಷ್ಟು ಕಾಗದ ತರಲಿ. ಕಾಗದವೇ ಇಲ್ಲದಿದ್ದರೂ ಬರಲಿ. ಬಸ್ಸಿನ ಹಣಕ್ಕೂ ತೊಂದರೆಯಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಲಿ.